ರಿಪೇರಿಗೆ ಕೊಡುವ ಮುಂಚೆ ಕೆಟ್ಟ ಲ್ಯಾಪ್‌ಟಾಪಿನಿಂದ ಫೈಲುಗಳನ್ನು ತೆಗೆದುಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗ ಹತ್ತಿರ ಪ್ರೌಢಶಾಲೆಯಲ್ಲಿ ಶಿಕ್ಷಕಿ. ನನ್ನ ಹತ್ತಿರ ನಾಲ್ಕು ವರ್ಷ ಹಳೆಯ ವಿಂಡೋಸ್ 11 ಲ್ಯಾಪ್‌ಟಾಪ್ ಇದೆ. ಮೊನ್ನೆಯಿಂದ ಪವರ್ ಬಟನ್ ಒತ್ತಿದರೆ ಲೈಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಸರ್ವೀಸ್ ಸೆಂಟರಿನಲ್ಲಿ “ಬೋರ್ಡ್ ಹೋಗಿರಬಹುದು, ಬಿಟ್ಟು ಹೋಗಿ, ಡೇಟಾಗೆ ಗ್ಯಾರಂಟಿ ಇಲ್ಲ” ಅಂದರು. ಭಯವಾಗಿ ವಾಪಸ್ ತಂದೆ. ಮಗಳ ಚಿಕ್ಕಂದಿನ ಫೋಟೋಗಳು, ಶಾಲೆಯ ಪ್ರಶ್ನೆಪತ್ರಿಕೆಗಳು, ತೀರಿಹೋದ ನಮ್ಮ ತಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳು ಎಲ್ಲ ಅದರಲ್ಲೇ ಇವೆ. ಬೇರೆ ಕಡೆ ನಕಲು ಇಲ್ಲ. ಏನು ಮಾಡಲಿ?

ಉತ್ತರ: ಮೇಡಂ, ಲ್ಯಾಪ್‌ಟಾಪನ್ನು ಅಲ್ಲೇ ಬಿಡದೆ ವಾಪಸ್ ತಂದಿದ್ದು ತುಂಬಾ ಒಳ್ಳೆಯದಾಯಿತು. ನೀವು ಬರೆದಿರುವುದನ್ನು ನೋಡಿದರೆ ಫೈಲುಗಳಿಗೆ ಏನೂ ಆಗಿರಲಿಕ್ಕಿಲ್ಲ. ಲೈಟ್ ಇದೆ, ಫ್ಯಾನ್ ಇದೆ, ಪರದೆ ಮಾತ್ರ ಇಲ್ಲ ಅಂದರೆ ತೊಂದರೆ ಪರದೆಯಲ್ಲೋ, ಅದರ ಕೇಬಲ್‌ನಲ್ಲೋ, ರ‍್ಯಾಮ್‌ನಲ್ಲೋ, ಬೋರ್ಡಿನಲ್ಲೋ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಇರುವುದೇ ಜಾಸ್ತಿ. ಫೈಲುಗಳು ಕೂತಿರುವುದು ಬೇರೆ ಜಾಗದಲ್ಲಿ, ಅಂದರೆ ಒಳಗಿನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಬೋರ್ಡ್ ಪೂರ್ತಿ ಕೆಟ್ಟರೂ ಡಿಸ್ಕ್ ಚೆನ್ನಾಗಿಯೇ ಇರಬಹುದು.

ಸರ್ವೀಸ್ ಸೆಂಟರಿನವರು ಹೇಳಿದ ಮಾತು ಕೇಳಲು ಕಠಿಣ, ಆದರೆ ಸುಳ್ಳಲ್ಲ. ಕಂಪನಿಯ ವಾರಂಟಿ ಇರುವುದು ಯಂತ್ರಕ್ಕೆ. ಫೈಲುಗಳ ಜವಾಬ್ದಾರಿ ನಮ್ಮದಲ್ಲ ಎಂದು ಅವರ ಷರತ್ತುಗಳಲ್ಲೇ ಬರೆದಿರುತ್ತದೆ. ಲ್ಯಾಪ್‌ಟಾಪ್ ಓಡುವ ಹಾಗೆ ಮಾಡುವುದಷ್ಟೇ ಅವರ ಕೆಲಸ. ಅದಕ್ಕಾಗಿ ವಿಂಡೋಸನ್ನು ಹೊಸದಾಗಿ ಹಾಕಬಹುದು, ಡಿಸ್ಕ್ ಮೇಲೆ ಅನುಮಾನ ಬಂದರೆ ಅದನ್ನೇ ಬದಲಿಸಬಹುದು. ವಾರಂಟಿಯಲ್ಲಿ ಬದಲಿಸಿದ ಹಳೇ ಡಿಸ್ಕ್ ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ಹಳೇ ಡಿಸ್ಕ್ ನಮ್ಮ ಹತ್ತಿರವೇ ಇರಲಿ ಅನ್ನುವವರಿಗಾಗಿ ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ಬೇರೆ ಹಣ ಕಟ್ಟಿಸಿಕೊಂಡು ಕೊಡುವ ಸೇವೆಗಳೇ ಇವೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಮೊದಲು ಫೈಲು, ಆಮೇಲೆ ರಿಪೇರಿ.

ಸ್ಕ್ರೂಡ್ರೈವರ್ ಹುಡುಕುವ ಮುಂಚೆ ಫೋನ್ ತೆಗೆಯಿರಿ

ವಿಂಡೋಸ್ 11 ಇರುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಇದನ್ನು ಬಿಟ್‌ಲಾಕರ್ ಅನ್ನುತ್ತಾರೆ. ಕೆಲವು ಕಡೆ ಡಿವೈಸ್ ಎನ್‌ಕ್ರಿಪ್ಶನ್ ಅಂತಲೂ ಇರುತ್ತದೆ. ನೀವು ಯಾವತ್ತೂ ಅದನ್ನು ಆನ್ ಮಾಡಿಲ್ಲದೆ ಇರಬಹುದು, ಆದರೂ ಬಿದ್ದಿರುತ್ತದೆ. ಲ್ಯಾಪ್‌ಟಾಪ್ ಸರಿ ಇರುವಷ್ಟು ದಿನ ಈ ಬೀಗ ಕಾಣಿಸುವುದಿಲ್ಲ. ಬೋರ್ಡಿನಲ್ಲಿರುವ ಟಿಪಿಎಂ ಅನ್ನುವ ಭಾಗ ಬೀಗವನ್ನು ಸುಮ್ನೆ ತೆಗೆದುಕೊಡುತ್ತಿರುತ್ತದೆ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ ಅಥವಾ ಬೋರ್ಡ್ ಬದಲಾದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ.

ಈ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಫೋನಿನ ಬ್ರೌಸರಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಅನ್ನುವ ಕಡೆ ಹೋಗಿ, ನಿಮ್ಮ ಲ್ಯಾಪ್‌ಟಾಪ್ ಹೆಸರಿನ ಕೆಳಗೆ ಬಿಟ್‌ಲಾಕರ್ ರಿಕವರಿ ಕೀ ಇದೆಯಾ ನೋಡಿ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರೋ ಮನೆಯ ಹುಡುಗರೋ ತಮ್ಮ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿರುತ್ತದೆ. ಅವರನ್ನು ಕೇಳಿ. ಸಿಕ್ಕಿದ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ, ಫೋಟೋ ಕೂಡ ತೆಗೆದಿಡಿ. ಒಂದಕ್ಕಿಂತ ಜಾಸ್ತಿ ಕೀ ಕಂಡರೆ ಎಲ್ಲವನ್ನೂ ಅವುಗಳ ಕೀ ಐಡಿ ಜೊತೆ ಬರೆದುಕೊಳ್ಳಿ. ಡಿಸ್ಕಿಗೆ ಬೀಗ ಬಿದ್ದಿದ್ದು ಕೀ ಎಲ್ಲೂ ಸಿಗದಿದ್ದರೆ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಫೈಲು ಹೊರಗೆ ಬರುವುದಿಲ್ಲ. ಯಾವ ಅಂಗಡಿಯವರಿಂದಲೂ ಅದನ್ನು ಒಡೆಯಲು ಆಗುವುದಿಲ್ಲ. “ಒಡೆದುಕೊಡ್ತೀವಿ” ಅಂದವರಿಗೆ ದುಡ್ಡು ಕೊಡಬೇಡಿ. ಅಂಥ ಸಂದರ್ಭದಲ್ಲಿ ಉಳಿಯುವ ದಾರಿ ಅದೇ ಬೋರ್ಡನ್ನು ರಿಪೇರಿ ಮಾಡಿಸಿ, ಅದೇ ಡಿಸ್ಕಿನಿಂದ ಎಬ್ಬಿಸುವುದು.

ಅದೇ ಖಾತೆಯಲ್ಲಿ ಇನ್ನೊಂದು ಕೆಲಸ ಮಾಡಿ. ಒನ್‌ಡ್ರೈವ್ ತೆರೆದು ನೋಡಿ. ವಿಂಡೋಸ್ 11 ಅನೇಕ ಸಲ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ನಮಗೆ ಗೊತ್ತಾಗದ ಹಾಗೆ ಒನ್‌ಡ್ರೈವ್‌ಗೆ ಕಳಿಸುತ್ತಿರುತ್ತದೆ. ಉಚಿತ ಜಾಗ 5 ಜಿಬಿ ಮಾತ್ರ, ಹಾಗಾಗಿ ಎಲ್ಲ ಫೋಟೋ ಇರಲಿಕ್ಕಿಲ್ಲ. ಆದರೆ ತಂದೆಯವರ ಬರಹ, ಪ್ರಶ್ನೆಪತ್ರಿಕೆಗಳಂಥ ಸಣ್ಣ ಫೈಲುಗಳು ಅಲ್ಲಿ ಸಿಕ್ಕರೂ ಸಿಗಬಹುದು. ಗೂಗಲ್ ಫೋಟೋಸ್ ಕೂಡ ನೋಡಿ. ಮಗಳ ಫೋಟೋಗಳನ್ನು ಮೊದಲು ತೆಗೆದಿದ್ದು ಫೋನಿನಲ್ಲೇ ಅಲ್ವಾ?

ಮುಚ್ಚಳ ತೆಗೆಯದೆ ಮಾಡಬಹುದಾದದ್ದು

ಲ್ಯಾಪ್‌ಟಾಪ್ ಆನ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಆ ಕೀಯ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಕಂಪ್ಯೂಟರ್ ಎದ್ದಿದೆ, ಪರದೆ ಮಾತ್ರ ತೋರಿಸುತ್ತಿಲ್ಲ ಎಂದು ಹೆಚ್ಚುಕಡಿಮೆ ನಂಬಬಹುದು. ಈಗ ಕೋಣೆಯ ಲೈಟ್ ಆರಿಸಿ, ಫೋನಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರವೋ ಅಕ್ಷರವೋ ಕಂಡರೆ ಹೋಗಿರುವುದು ಪರದೆಯ ಹಿಂದಿನ ಬೆಳಕು.

ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಆನ್ ಮಾಡಿ. ಟಿವಿಯ ಇನ್‌ಪುಟ್ಟನ್ನು ಎಚ್‌ಡಿಎಂಐಗೆ ಬದಲಿಸುವುದನ್ನು ಮರೆಯಬೇಡಿ. ಚಿತ್ರ ತಾನಾಗಿ ಬರದಿದ್ದರೆ ವಿಂಡೋಸ್ ಕೀ ಹಿಡಿದುಕೊಂಡು ಪಿ ಒತ್ತಿ, ಕೆಳಗಿನ ಬಾಣದ ಕೀಯನ್ನು ಒಂದು ಸಲ ಒತ್ತಿ, ಎಂಟರ್ ಹೊಡೆಯಿರಿ. ಬರದಿದ್ದರೆ ಮತ್ತೊಮ್ಮೆ ಹೀಗೇ ಮಾಡಿ. ಟಿವಿಯಲ್ಲಿ ನಿಮ್ಮ ಡೆಸ್ಕ್‌ಟಾಪ್ ಕಂಡಿತೋ, ಅರ್ಧ ಚಿಂತೆ ಮುಗಿಯಿತು. ಪೋರ್ಟಬಲ್ ಹಾರ್ಡ್ ಡಿಸ್ಕ್ ಚುಚ್ಚಿ ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ. ಆಮೇಲೆ ರಿಪೇರಿಗೆ ಕೊಡುವಾಗ “ಪರದೆ ಅಥವಾ ಕೇಬಲ್ ನೋಡಿ, ಬೋರ್ಡ್ ಓಡುತ್ತಿದೆ” ಎಂದು ಧೈರ್ಯವಾಗಿ ಹೇಳಬಹುದು. ಬೋರ್ಡ್ ಬದಲಿಸುವ ಖರ್ಚೂ ಉಳಿಯಬಹುದು.

ಟಿವಿಯಲ್ಲೂ ಏನೂ ಬರಲಿಲ್ಲ ಅನ್ನಿ. ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲ ಕಿತ್ತು ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಟ್ಟು, ಚಾರ್ಜರ್ ಹಾಕಿ ಮತ್ತೆ ಆನ್ ಮಾಡಿ. ಬೋರ್ಡಿನಲ್ಲಿ ಉಳಿದಿದ್ದ ವಿದ್ಯುತ್ ಖಾಲಿಯಾಗಿ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದಿವೆ. ಎದ್ದರೆ ಮೊದಲು ಕಾಪಿ ಮಾಡಿ. ಸರಿಹೋಯಿತು ಅಂತ ಸುಮ್ಮನಾಗಬೇಡಿ, ನಾಳೆ ಏಳದೆ ಇರಬಹುದು.

ಎರಡು ಸಂದರ್ಭಗಳಲ್ಲಿ ಇದ್ಯಾವುದನ್ನೂ ಮಾಡಬಾರದು. ಒಂದು, ಲ್ಯಾಪ್‌ಟಾಪ್ ಮೇಲೆ ಕಾಫಿಯೋ ನೀರೋ ಚೆಲ್ಲಿದ್ದರೆ. ಒಳಗೆ ತೇವ ಇರುವಾಗ ಆನ್ ಮಾಡಿದರೆ ಬೋರ್ಡ್ ಸುಡುತ್ತದೆ. ಅಕ್ಕಿಯಲ್ಲಿ ಹೂತಿಟ್ಟರೆ ಒಣಗುತ್ತದೆ ಅನ್ನುವುದನ್ನು ನಂಬಬೇಡಿ, ಬ್ಯಾಟರಿಯ ಕನೆಕ್ಟರ್ ಕಳಚಿ ಬೋರ್ಡ್ ತೊಳೆಯಬಲ್ಲವರ ಹತ್ತಿರ ಬೇಗ ಹೋಗಬೇಕು. ಇನ್ನೊಂದು, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಕೆಳಗಿನ ಮುಚ್ಚಳ ಉಬ್ಬಿದ್ದರೆ. ಅದು ಬ್ಯಾಟರಿ ಊದಿಕೊಂಡ ಗುರುತು. ಚಾರ್ಜಿಗೆ ಹಾಕಬೇಡಿ, ಅದುಮಲೂಬೇಡಿ.

ಡಿಸ್ಕನ್ನೇ ಹೊರಗೆ ತೆಗೆಯುವುದು

ಪರದೆಯೂ ಇಲ್ಲ, ಟಿವಿಯೂ ಇಲ್ಲ ಅಂದರೆ ಈ ದಾರಿಯೇ ಸರಿ. ನಿಮ್ಮ ಸಂದರ್ಭದಲ್ಲಿ ಕೊನೆಗೆ ಇಲ್ಲಿಗೇ ಬರಬೇಕಾಗಬಹುದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಾರಂಟಿ ಇನ್ನೂ ಇದ್ದರೆ ಮುಚ್ಚಳ ತೆಗೆಯಬಹುದಾ ಎಂದು ಕಂಪನಿಯ ಸಹಾಯವಾಣಿಗೆ ಇಮೇಲ್‌ನಲ್ಲಿ ಕೇಳಿ. ಡಿಸ್ಕ್, ರ‍್ಯಾಮ್ ಬದಲಿಸಲು ಗ್ರಾಹಕರಿಗೇ ಬಿಡುವ ಮಾಡೆಲ್‌ಗಳಿವೆ, ಬಿಡದವೂ ಇವೆ. ಉತ್ತರ ಬರಹದಲ್ಲಿದ್ದರೆ ಮುಂದೆ ಜಗಳವಿಲ್ಲ. ವಾರಂಟಿ ಮುಗಿದಿದ್ದರೆ ಈ ಯೋಚನೆ ಬೇಡ.

ನಿಮಗೆ ಕೈ ನಡುಗುತ್ತದೆ ಅನ್ನಿಸಿದರೆ ಊರಿನ ನಂಬಿಕಸ್ತ ಕಂಪ್ಯೂಟರ್ ಅಂಗಡಿಗೆ ಹೋಗಿ, “ರಿಪೇರಿ ಈಗ ಬೇಡ, ಡಿಸ್ಕ್ ತೆಗೆದು ನನ್ನ ಕೈಗೆ ಕೊಡಿ” ಎಂದು ಕೇಳಿ. ಎದುರಿಗೇ ಕೂತು ಮಾಡಿಸಿಕೊಳ್ಳಿ. ಗೊತ್ತಿರುವವರಿಗೆ ಇದು ಸಣ್ಣ ಕೆಲಸ.

ನೀವೇ ಮಾಡುವುದಾದರೆ ನಿಮ್ಮ ಮಾಡೆಲ್ ನಂಬರ್ ಹಾಕಿ ಯೂಟ್ಯೂಬಿನಲ್ಲಿ ಮುಚ್ಚಳ ತೆಗೆಯುವ ವಿಡಿಯೋ ಮೊದಲೇ ಪೂರ್ತಿ ನೋಡಿ. ಕೆಳಗಿನ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಮೇಲಿನ ಪ್ಲಾಸ್ಟಿಕ್ ತೂತಾಗುತ್ತದೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಚ್ಚಿ ಇಡಿ. ಕೆಲವು ಮಾಡೆಲ್‌ಗಳಲ್ಲಿ ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಅಡಗಿರುತ್ತದೆ. ಮುಚ್ಚಳ ಏಳುತ್ತಿಲ್ಲ ಅಂದರೆ ಬಲ ಹಾಕುವ ಮುಂಚೆ ಅಲ್ಲಿ ನೋಡಿ. ಅಂಚನ್ನು ಬಿಡಿಸಲು ಹಳೇ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ಮುಚ್ಚಳ ಬಂದ ಮೇಲೆ ಬೇರೆ ಏನನ್ನೂ ಮುಟ್ಟದೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ.

ಈಗ ಡಿಸ್ಕ್ ಯಾವ ಜಾತಿಯದು ನೋಡಿ. ನಾಲ್ಕು ವರ್ಷದ ಲ್ಯಾಪ್‌ಟಾಪ್ ಅಂದರೆ ಎಂ.2 ಎಸ್‌ಎಸ್‌ಡಿ ಇರುವುದೇ ಹೆಚ್ಚು. ಅದು 22 ಮಿಲಿಮೀಟರ್ ಅಗಲದ, ಸಾಮಾನ್ಯವಾಗಿ 80 ಮಿಲಿಮೀಟರ್ ಉದ್ದದ ತೆಳ್ಳನೆ ಹಲಗೆ, ಒಂದು ತುದಿಯಲ್ಲಿ ಒಂದೇ ಒಂದು ಸ್ಕ್ರೂ. ಗಿಡ್ಡವೂ ಬರುತ್ತವೆ. ಸ್ಕ್ರೂ ತೆಗೆದ ಕೂಡಲೇ ಆ ತುದಿ ತಾನಾಗಿ ಸ್ವಲ್ಪ ಮೇಲಕ್ಕೆ ಏಳುತ್ತದೆ, ಹೆದರಬೇಡಿ. ಅದೇ ಓರೆಯಲ್ಲಿ ಮೆಲ್ಲಗೆ ಎಳೆದರೆ ಬರುತ್ತದೆ. ಚಿನ್ನದ ಬಣ್ಣದ ಪಿನ್‌ಗಳನ್ನು ಬೆರಳಿಂದ ಮುಟ್ಟಬೇಡಿ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅಂಗೈಯಷ್ಟಿರುವ 2.5 ಇಂಚಿನ ಸಾಟಾ ಡಿಸ್ಕ್ ಇರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಇರುತ್ತವೆ. ಹಾಗಿದ್ದರೆ ಎರಡನ್ನೂ ತೆಗೆಯಿರಿ, ಫೋಟೋಗಳು ದೊಡ್ಡ ಡಿಸ್ಕಿನಲ್ಲಿರುವುದು ರೂಢಿ.

ಇದನ್ನು ಇನ್ನೊಂದು ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಜೋಡಿಸಲು ಒಂದು ಎನ್‌ಕ್ಲೋಷರ್, ಅಂದರೆ ಡಿಸ್ಕ್ ಕೂರಿಸುವ ಪುಟ್ಟ ಡಬ್ಬಿ ಬೇಕು. ಅಂಗಡಿಯಲ್ಲಿ ಕೇಸಿಂಗ್ ಅಂದರೂ ಕೊಡುತ್ತಾರೆ. ಸಾಟಾ ಡಿಸ್ಕಿಗೆ ಕೆಲವು ನೂರು ರೂಪಾಯಿಯ ಕೇಬಲ್ ಸಾಕು. ಎಂ.2ಗೆ ಸ್ವಲ್ಪ ಜಾಸ್ತಿ ಆಗುತ್ತದೆ. ಎಂ.2 ಆಕಾರದಲ್ಲೇ ಎನ್‌ವಿಎಂಇ ಮತ್ತು ಸಾಟಾ ಎಂದು ಎರಡು ಬಗೆ ಇವೆ. ಡಿಸ್ಕಿನ ಮೇಲಿನ ಲೇಬಲ್ ನೋಡಿ, ಗೊಂದಲವಿದ್ದರೆ ಎರಡಕ್ಕೂ ಆಗುವ ಎನ್‌ಕ್ಲೋಷರ್ ಕೇಳಿ. ಬೆಂಗಳೂರಿನಲ್ಲಿರುವವರಿಗೆ ಎಸ್‌ಪಿ ರೋಡಿನಲ್ಲಿ ಇವೆಲ್ಲ ಕೈಗೆಟುಕುತ್ತವೆ. ಬೇರೆ ಊರಿನವರು ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಈ ದುಡ್ಡು ದಂಡವಲ್ಲ, ಮುಂದೆ ಹಳೇ ಡಿಸ್ಕನ್ನು ಇದರಲ್ಲೇ ಹಾಕಿ ಪೆನ್‌ಡ್ರೈವ್ ಥರ ಬಳಸಬಹುದು.

ಡಿಸ್ಕ್ ಬೋರ್ಡಿಗೇ ಬೆಸುಗೆಯಾಗಿರುವ ಲ್ಯಾಪ್‌ಟಾಪ್‌ಗಳೂ ಇವೆ. ಡಿಸ್ಕಿನ ಬದಲು ಇಎಂಎಂಸಿ ಅನ್ನುವ ಚಿಪ್ ಇರುವ ಕಡಿಮೆ ಬೆಲೆಯ ಮಾಡೆಲ್‌ಗಳು ಮತ್ತು ಈಚಿನ ಮ್ಯಾಕ್‌ಬುಕ್‌ಗಳು ಹೀಗಿರುತ್ತವೆ. ಮ್ಯಾಕ್‌ಬುಕ್‌ಗಳಲ್ಲಿ ಡೇಟಾದ ಬೀಗವೂ ಬೋರ್ಡಿನ ಚಿಪ್‌ಗೇ ಕಟ್ಟಿಕೊಂಡಿರುತ್ತದೆ. ಅಂಥವುಗಳಲ್ಲಿ ಫೈಲು ಬೇಕು ಅಂದರೆ ಬೋರ್ಡನ್ನೇ ಎಬ್ಬಿಸಬೇಕು. “ಬೋರ್ಡ್ ಬದಲಿಸಬೇಡಿ, ಅದನ್ನೇ ರಿಪೇರಿ ಮಾಡಿ” ಎಂದು ಮೊದಲೇ ಸ್ಪಷ್ಟವಾಗಿ ಹೇಳಿ.

ಡಿಸ್ಕ್ ಚುಚ್ಚಿದ ಮೇಲೆ

ಇಲ್ಲಿ ಗಾಬರಿಯಲ್ಲಿ ಒತ್ತುವ ಒಂದು ಬಟನ್ ಎಲ್ಲವನ್ನೂ ಹಾಳು ಮಾಡಬಹುದು. ಡಿಸ್ಕ್ ಜೋಡಿಸಿದ ಕೂಡಲೇ ವಿಂಡೋಸ್ “ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು” ಅನ್ನಬಹುದು. ಕ್ಯಾನ್ಸಲ್ ಒತ್ತಿ. “ಇನಿಶಿಯಲೈಸ್ ಮಾಡಲೇ?” ಅಂದರೂ ಕ್ಯಾನ್ಸಲ್. “ಸ್ಕ್ಯಾನ್ ಮಾಡಿ ಸರಿಪಡಿಸಲೇ?” ಅಂದರೂ ಈಗ ಬೇಡ. ಡಿಸ್ಕಿನಲ್ಲಿ ವಿಂಡೋಸಿಗೆ ಓದಲಾಗದ ಸಣ್ಣ ಭಾಗಗಳು ಇದ್ದೇ ಇರುತ್ತವೆ, ಅದನ್ನು ನೋಡಿಯೂ ಹೀಗೆ ಕೇಳುತ್ತದೆ.

ಬೀಗದ ಚಿತ್ರವಿರುವ ಡ್ರೈವ್ ಕಂಡರೆ ಅದೇ ಬಿಟ್‌ಲಾಕರ್. ಎರಡು ಸಲ ಕ್ಲಿಕ್ ಮಾಡಿ, ಮೋರ್ ಆಪ್ಷನ್ಸ್‌ಗೆ ಹೋಗಿ, ರಿಕವರಿ ಕೀ ಆಯ್ದುಕೊಂಡು ಆ 48 ಅಂಕಿಗಳನ್ನು ಹಾಕಿ. ತೆರೆದುಕೊಳ್ಳುತ್ತದೆ.

ಒಳಗೆ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. “ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ” ಎಂದು ಬಂದರೆ ಕಂಟಿನ್ಯೂ ಒತ್ತಿ ಕಾಯಿರಿ. ಫೈಲು ಜಾಸ್ತಿ ಇದ್ದರೆ ಸಮಯ ಹಿಡಿಯುತ್ತದೆ. ಡೆಸ್ಕ್‌ಟಾಪ್ ಫೋಲ್ಡರ್ ಖಾಲಿ ಕಂಡರೆ ಎದೆ ಒಡೆದುಕೊಳ್ಳಬೇಡಿ. ಅದೇ ಹೆಸರಿನ ಫೋಲ್ಡರಿನಲ್ಲಿ ಒನ್‌ಡ್ರೈವ್ ಅಂತ ಇನ್ನೊಂದು ಇರುತ್ತದೆ, ನಿಜವಾದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಷ್ಟೋ ಸಲ ಅದರೊಳಗೆ ಇರುತ್ತವೆ.

ಕಾಪಿ ಮಾಡುವ ಕ್ರಮದ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಬೇಡಿ. ಮತ್ತೆ ಎಲ್ಲೂ ಸಿಗದ ಸಣ್ಣ ಫೈಲುಗಳು ಮೊದಲು. ನಿಮ್ಮಲ್ಲಿ ಅದು ತಂದೆಯವರ ಬರಹ. ಆಮೇಲೆ ಮಗಳ ಫೋಟೋಗಳು, ಆಮೇಲೆ ಶಾಲೆಯ ಕಡತಗಳು, ಕೊನೆಗೆ ವಿಡಿಯೋ. ಡೌನ್‌ಲೋಡ್ಸ್ ಫೋಲ್ಡರನ್ನು ಕಸ ಅಂತ ಬಿಡಬೇಡಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಆಧಾರ್, ಅಂಕಪಟ್ಟಿ ಎಲ್ಲ ಅಲ್ಲೇ ಬಿದ್ದಿರುತ್ತವೆ. ಡಿ ಡ್ರೈವ್ ಇದ್ದರೆ ಅದನ್ನೂ ನೋಡಿ. ಸಮಯದ ಅಂದಾಜು ಬೇಕಾದರೆ, 100 ಜಿಬಿ ಕಾಪಿಯಾಗಲು ಹಳೇ ಯುಎಸ್‌ಬಿ 2.0 ಕಿಂಡಿಯಲ್ಲಿ ಒಂದು ಗಂಟೆ ಹತ್ತಿರ ಹಿಡಿಯುತ್ತದೆ. ಯುಎಸ್‌ಬಿ 3.0 ಕಿಂಡಿಯಲ್ಲಿ ಸಾಧಾರಣ ಪೋರ್ಟಬಲ್ ಹಾರ್ಡ್ ಡಿಸ್ಕಿಗಾದರೆ ಇಪ್ಪತ್ತು ನಿಮಿಷ ಆಸುಪಾಸು. ಸಣ್ಣ ಫೈಲುಗಳು ಸಾವಿರಾರು ಇದ್ದರೆ ಇನ್ನೂ ನಿಧಾನ. 4 ಜಿಬಿ ಮೀರಿದ ವಿಡಿಯೋ ಪೆನ್‌ಡ್ರೈವ್‌ಗೆ ಹೋಗುತ್ತಿಲ್ಲ ಅಂದರೆ ಆ ಪೆನ್‌ಡ್ರೈವ್ ಫ್ಯಾಟ್32 ರೀತಿಯಲ್ಲಿದೆ ಎಂದರ್ಥ. ಬೇರೆ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ರೀತಿಯಲ್ಲಿದ್ದರೆ ಹೋಗುತ್ತದೆ.

ಅಂಗಡಿ ಲೆಕ್ಕ ಇರುವ ಓದುಗರಿಗೂ ಒಂದು ಮಾತು. ಟ್ಯಾಲಿಯ ಡೇಟಾ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಇರುವುದಿಲ್ಲ. ಯೂಸರ್ಸ್ ಒಳಗಿನ ಪಬ್ಲಿಕ್‌ನಲ್ಲೋ, ಸಿ ಅಥವಾ ಡಿ ಡ್ರೈವ್‌ನಲ್ಲಿರುವ ಟ್ಯಾಲಿ ಫೋಲ್ಡರಿನಲ್ಲೋ, ಅಂಕಿಗಳೇ ಹೆಸರಾಗಿರುವ ಫೋಲ್ಡರುಗಳಾಗಿ ಇರುತ್ತದೆ. ಇಡೀ ಡೇಟಾ ಫೋಲ್ಡರನ್ನೇ ತೆಗೆದುಕೊಳ್ಳಿ. ಔಟ್‌ಲುಕ್ ಬಳಸುವವರು ಇಮೇಲ್‌ಗಳನ್ನು ಕೂಡಿಟ್ಟಿರುವ ಪಿಎಸ್‌ಟಿ ಫೈಲ್ ಹುಡುಕಿ. ಕ್ರೋಮ್‌ನ ಬುಕ್‌ಮಾರ್ಕ್ ಕಾಪಿ ಮಾಡಬಹುದು, ಆದರೆ ಅದರಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಹೀಗೆ ಬರುವುದಿಲ್ಲ. ಗೂಗಲ್ ಖಾತೆಗೆ ಸಿಂಕ್ ಆಗಿದ್ದರೆ ಮಾತ್ರ ಸಿಗುತ್ತವೆ.

ಇನ್ನು ತಂದೆಯವರ ಬರಹ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳೆಲ್ಲ ಕಲಸಿಕೊಂಡ ಸಾಲುಗಳು ಕಾಣಬಹುದು. ಫೈಲ್ ಹಾಳಾಗಿದೆ ಎಂದು ಅಳಿಸಿಬಿಟ್ಟವರನ್ನು ನೋಡಿದ್ದೇನೆ, ತುಂಬಾ ಸಂಕಟವಾಗುತ್ತದೆ. ಅದು ಹಾಳಾಗಿಲ್ಲ. ಹಳೇ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ವ್ಯವಸ್ಥೆ) ಬಳಕೆಗೆ ಬರುವ ಮುಂಚಿನ ವ್ಯವಸ್ಥೆಯಲ್ಲಿ ಟೈಪ್ ಆದವು, ಅವುಗಳದೇ ಫಾಂಟ್ ಇಲ್ಲದಿದ್ದರೆ ಹೀಗೆ ಕಾಣುತ್ತವೆ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು ಅದೇ ಫೈಲ್ ಮತ್ತೆ ತೆರೆಯಿರಿ, ಅಕ್ಷರ ಬರುತ್ತವೆ. ಬೇರೆ ಯಾವುದೋ ಡಿಟಿಪಿ ಫಾಂಟ್ ಬಳಸಿದ್ದರೆ ಅದು ಹೊರಗೆ ಸಿಗುವುದು ಕಷ್ಟ. ಹಾಗಾಗಿ ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಟ್ಟುಕೊಳ್ಳಿ. ನಿಧಾನವಾಗಿ ಈ ಬರಹಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಿ. ಅದಕ್ಕೆ ಪರಿವರ್ತಕಗಳಿವೆ. ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪುತ್ತವೆ, ಮೂಲವನ್ನು ಪಕ್ಕದಲ್ಲಿಟ್ಟು ಓದಿ ತಿದ್ದಬೇಕು. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ.

ಕಾಪಿ ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲುಗಳ ಸಂಖ್ಯೆ ಹೋಲಿಸಿ. ಅಲ್ಲಲ್ಲಿ ಹತ್ತಾರು ಫೈಲು ತೆರೆದೂ ನೋಡಿ. ಹೆಸರು ಇದ್ದು ಒಳಗೆ ಏನೂ ಇಲ್ಲದ ಫೈಲು ಇರಬಹುದು. ಒನ್‌ಡ್ರೈವ್‌ನಲ್ಲಿ ಮಾತ್ರ ಇದ್ದು ಲ್ಯಾಪ್‌ಟಾಪಿಗೆ ಇಳಿದೇ ಇಲ್ಲದ ಫೈಲುಗಳೂ ಹೀಗೆ ತೆರೆಯುವುದಿಲ್ಲ, ಅವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು.

ಪರದೆ ಬರುತ್ತದೆ, ವಿಂಡೋಸ್ ಏಳುತ್ತಿಲ್ಲ ಅನ್ನುವವರಿಗೆ

ಇಂಥ ಪ್ರಶ್ನೆಗಳೂ ಬರುತ್ತಿರುವುದರಿಂದ ಸೇರಿಸುತ್ತೇನೆ. ಇಲ್ಲಿ ಮುಚ್ಚಳ ತೆಗೆಯುವುದೇ ಬೇಕಾಗಿಲ್ಲ. ಆನ್ ಮಾಡಿ, ಕಂಪನಿಯ ಲೋಗೋ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತನ್ನ ರಿಪೇರಿ ಪರದೆಗೆ ಹೋಗುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಆಯ್ದುಕೊಳ್ಳಿ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ನೋಟ್‌ಪ್ಯಾಡ್ ಬರುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿ. ಈಗ ಆ ಪುಟ್ಟ ಕಿಟಕಿಯಲ್ಲೇ ನಿಮ್ಮ ಡಿಸ್ಕ್ ಪೂರ್ತಿ ಕಾಣುತ್ತದೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೋರ್ಟಬಲ್ ಡಿಸ್ಕಿಗೆ ಹೋಗಿ ಪೇಸ್ಟ್. ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು, ಸಿ ಅಂತ ಇರುವುದು ಇಲ್ಲಿ ಡಿ ಆಗಿರಬಹುದು. ಎಷ್ಟು ಕಾಪಿಯಾಯಿತು ಎಂದು ತೋರಿಸದೆ ಕಿಟಕಿ ಹೆಪ್ಪುಗಟ್ಟಿದ ಹಾಗೆ ಕಾಣಬಹುದು, ತಾಳ್ಮೆಯಿಂದ ಕಾಯಿರಿ. ಅದೇ ಪರದೆಯಲ್ಲಿ ‘ರಿಸೆಟ್ ದಿಸ್ ಪಿಸಿ’ ಎಂಬ ಆಯ್ಕೆ ಕಣ್ಣಿಗೆ ಬೀಳುತ್ತದೆ. ಫೈಲು ಕೈಗೆ ಬರುವ ತನಕ ಅದರ ಹತ್ತಿರ ಹೋಗಬೇಡಿ.

ಇದೂ ಆಗದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಅನ್ನುವ ಉಚಿತ ಸಾಧನ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಓಡಿಸಬಹುದಾದ ಉಚಿತ ವ್ಯವಸ್ಥೆಗಳು) ಹಾಕಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ಬಳಸಿ. ಕೆಟ್ಟ ಲ್ಯಾಪ್‌ಟಾಪಿಗೆ ಚುಚ್ಚಿ ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀ ಸಾಮಾನ್ಯವಾಗಿ ಪೆನ್‌ಡ್ರೈವ್ ಆರಿಸುವ ಪಟ್ಟಿ ತೋರಿಸುತ್ತದೆ. ಉಬುಂಟುವಿನಲ್ಲಿ ‘ಟ್ರೈ’ ಒತ್ತಿ, ‘ಇನ್‌ಸ್ಟಾಲ್’ ಒತ್ತಲೇಬೇಡಿ. ಆಮೇಲೆ ಮಾಮೂಲಿ ಕಂಪ್ಯೂಟರಿನ ಹಾಗೆಯೇ ಫೋಲ್ಡರ್ ತೆರೆದು ಕಾಪಿ ಮಾಡಬಹುದು.

ಡಿಸ್ಕೇ ಕೆಟ್ಟಿದ್ದರೆ

ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಶಬ್ದ ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಒಳಗೆ ಓದುವ ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹುಡುಕುತ್ತಿದೆ, ಓಡಿದಷ್ಟೂ ತಟ್ಟೆಗೆ ಗೀರು ಬೀಳುತ್ತದೆ. ಫ್ರೀಜರಿನಲ್ಲಿ ಇಡುವುದು, ತಟ್ಟುವುದು, ಮುಚ್ಚಳ ತೆಗೆದು ನೋಡುವುದು ಯಾವುದೂ ಬೇಡ. ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ತಂದು ಕೂರಿಸುವ ಉಪಾಯವೂ ಈಚಿನ ಡಿಸ್ಕ್‌ಗಳಲ್ಲಿ ಸುಮ್ನೆ ನಡೆಯುವುದಿಲ್ಲ. ಆಯಾ ಡಿಸ್ಕಿಗೆ ಸೇರಿದ ವಿವರಗಳು ಅದರದೇ ಸರ್ಕ್ಯೂಟಿನ ಚಿಪ್‌ನಲ್ಲಿರುತ್ತವೆ. ಇದು ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿ ಲ್ಯಾಬಿನ ಕೆಲಸ. ಖರ್ಚು ಜಾಸ್ತಿ. ಅಂದಾಜು ಬರಹದಲ್ಲಿ ಪಡೆಯಿರಿ, ಫೈಲು ಸಿಗದಿದ್ದರೆ ಎಷ್ಟು ಕೊಡಬೇಕು ಎಂದು ಮೊದಲೇ ಕೇಳಿ.

ಶಬ್ದವಿಲ್ಲ, ಆದರೆ ಕಾಪಿ ನಡುವೆ ನಿಲ್ಲುತ್ತಿದೆ ಅನ್ನಿ. ಅಲ್ಲಲ್ಲಿ ಕೆಟ್ಟ ಜಾಗಗಳಿವೆ. ಆಗ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡಿಸ್ಕನ್ನು ಸರಿಪಡಿಸಲು ಹೋಗಿ ಫೈಲುಗಳನ್ನೇ ಕತ್ತರಿಸಿಬಿಡಬಹುದು. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಮೊದಲು ಚೆನ್ನಾಗಿರುವ ಜಾಗಗಳನ್ನೆಲ್ಲ ಓದಿಕೊಂಡು, ಕೆಟ್ಟವನ್ನು ಕೊನೆಗೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯ ತನಕ ಓದಿದೆ ಎಂದು ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು. ಇದನ್ನು ಬಲ್ಲವರಿಂದ ಮಾಡಿಸಿ. ಇನ್ನು, ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆಗಿಬಿಟ್ಟರೆ ಫೈಲು ಮರಳಿ ಸಿಗುವ ಆಸೆ ತೀರಾ ಕಡಿಮೆ. ಅಳಿಸಿದ ಜಾಗವನ್ನು ಟ್ರಿಮ್ ಅನ್ನುವ ವ್ಯವಸ್ಥೆ ತಾನಾಗಿ ಖಾಲಿ ಮಾಡಿಬಿಡುತ್ತದೆ. “ಫಾರ್ಮ್ಯಾಟ್ ಆದರೂ ಸಾಫ್ಟ್‌ವೇರ್ ಹಾಕಿ ತೆಗೆಯಬಹುದು” ಅನ್ನುವುದು ಹಳೇ ಹಾರ್ಡ್ ಡಿಸ್ಕ್ ಕಾಲದ ಮಾತು.

ಈಗ ರಿಪೇರಿಗೆ ಕೊಡಿ

ಫೈಲು ಕೈಗೆ ಬಂದ ಮೇಲೆ ಸಾಧ್ಯವಾದರೆ ಡಿಸ್ಕ್ ಇಲ್ಲದೆಯೇ ಲ್ಯಾಪ್‌ಟಾಪ್ ಕೊಡಿ. ಬೋರ್ಡ್, ಪರದೆ ಪರೀಕ್ಷೆಗೆ ಅವರ ಡಿಸ್ಕನ್ನೇ ಹಾಕಿ ನೋಡಬಹುದು. ಜಾಬ್ ಶೀಟಿನಲ್ಲಿ “ಡಿಸ್ಕ್ ಇಲ್ಲದೆ ಸ್ವೀಕರಿಸಿದೆ” ಎಂದು ಬರೆಸಿ. ಡಿಸ್ಕ್ ಬೇಕೇ ಬೇಕು ಅಂದರೆ ಅದರ ಸೀರಿಯಲ್ ನಂಬರ್ ಬರೆಸಿ, “ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು” ಎಂದೂ ಸೇರಿಸಿ.

ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಪರದೆಯೋ ಬೋರ್ಡೋ ಸರಿ ಮಾಡಲು ಅದು ಬೇಕಾಗಿಲ್ಲ. ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ಏನು ಮಾಡಿದರೂ ದಾಖಲಾಗುವಂತೆ ಸಜ್ಜು ಮಾಡಿದ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಅಂಗಡಿಗಳಿಗೆ ಕೊಟ್ಟರು. ಹಲವು ಕಡೆ ಕೆಲಸಗಾರರು ರಿಪೇರಿಗೆ ಸಂಬಂಧವೇ ಇಲ್ಲದ ಖಾಸಗಿ ಫೋಟೋ, ಕಡತಗಳನ್ನು ತೆರೆದು ನೋಡಿದ್ದು ಕಂಡುಬಂತು. ಕೆಲವರು ಕಾಪಿಯನ್ನೂ ಮಾಡಿಕೊಂಡಿದ್ದರು. ಹೆಣ್ಣುಮಕ್ಕಳ ಹೆಸರಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚಿತ್ತು. ನಮ್ಮಲ್ಲಿ ಪ್ರಾಮಾಣಿಕ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಇದ್ದಾರೆ. ಆದರೂ ಮಗಳ ಫೋಟೋ ಇರುವ ಡಿಸ್ಕ್ ಮನೆಯಲ್ಲಿದ್ದರೆ ಯಾರನ್ನೂ ಅನುಮಾನಿಸುವ ಅಗತ್ಯವೇ ಬರುವುದಿಲ್ಲ. ಈಗಾಗಲೇ ಎಲ್ಲಾದರೂ ಪಾಸ್‌ವರ್ಡ್ ಕೊಟ್ಟಿದ್ದರೆ ಇವತ್ತೇ ಫೋನಿನಿಂದ ಬದಲಿಸಿ.

ರಿಪೇರಿಯಾಗಿ ಬಂದ ಮೇಲೆ ಡಿಸ್ಕ್ ಹಾಕಿ ಆನ್ ಮಾಡಿ. ಬೋರ್ಡ್ ಬದಲಾಗಿದ್ದು ಡಿಸ್ಕಿಗೆ ಬೀಗವಿದ್ದರೆ ನೀಲಿ ಪರದೆ ಬಂದು ಅದೇ 48 ಅಂಕಿ ಕೇಳುತ್ತದೆ, ಕಾಗದ ನೋಡಿ ಹಾಕಿ. ಆಮೇಲೆ ನಿಮ್ಮ ಹಳೇ ಪಿನ್ ನಡೆಯುವುದಿಲ್ಲ ಎಂದೂ ಅನ್ನಬಹುದು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಹಾಕಿ ಹೊಸ ಪಿನ್ ಮಾಡಿಕೊಂಡರೆ ಆಯಿತು. ಎಲ್ಲ ಸರಿ ಇದೆ ಅನ್ನಿಸಿದರೂ ಪೋರ್ಟಬಲ್ ಡಿಸ್ಕಿನಲ್ಲಿರುವ ನಕಲನ್ನು ಅಳಿಸಬೇಡಿ. ತಂದೆಯವರ ಬರಹದ ಇನ್ನೊಂದು ನಕಲನ್ನು ಪೆನ್‌ಡ್ರೈವ್‌ಗೆ ಹಾಕಿ ಅಣ್ಣತಮ್ಮಂದಿರ ಮನೆಯಲ್ಲೋ ಅಕ್ಕತಂಗಿಯರ ಮನೆಯಲ್ಲೋ ಇಡಿ. ಡಿಸ್ಕ್ ತೆಗೆಯುವಾಗ ಲೇಬಲ್ ನೋಡಿ ಯಾವ ಎನ್‌ಕ್ಲೋಷರ್ ಬೇಕು ಎಂದು ಗೊತ್ತಾಗದಿದ್ದರೆ ಲೇಬಲಿನ ಫೋಟೋ ಕಳಿಸಿ, ಹೇಳುತ್ತೇನೆ.